ಅರ್ಧ ಸಕ್ಕರೆಯ ಸ್ಟ್ರಾಬೆರಿ

ಗೋಡೆಗೆ ಬಳಿಯಲು ತಂದಿದ್ದ ಬಣ್ಣವನ್ನು ಯಾರೋ ಕೈತಪ್ಪಿ ಕಪ್ಪಿಗೆ ಸುರಿದಿದ್ದಾರೆ ಎಂದು ನಾನು ಹೇಳಿದ್ದು, ಕ್ಯಾಂಟೀನಿನ ಸಾಲಿನಲ್ಲಿ ಟ್ರೇ ಹಿಡಿದು ನನ್ನ ಹಿಂದೆ ನಿಂತಿದ್ದವನಿಗೆ. ಅವನು ಯಾರೆಂದು ನನಗೆ ಗೊತ್ತಿರಲಿಲ್ಲ. ಪರಿಚಯವಿಲ್ಲದವರ ಹತ್ತಿರ ಮನಬಿಚ್ಚಿ ಬೈಯುವುದರಲ್ಲಿ ಒಂದು ಸುಖವಿದೆ. ಮಾತು ಅಲ್ಲಿಗೇ ಮುಗಿಯುತ್ತದೆ ಎಂಬ ಧೈರ್ಯ ಇರುತ್ತದೆ.

ಬೈಗುಳ ತಿಂದದ್ದು ಆ ಬೆಳಿಗ್ಗೆ ನನ್ನ ಮುಂದೆ ಬಂದಿದ್ದ ಸ್ಟ್ರಾಬೆರಿ ಯೋಗರ್ಟ್. ಕೊಬ್ಬು ಮೊದಲೇ ಇಲ್ಲದ್ದು, ಈಗ ಸಕ್ಕರೆಯನ್ನೂ ಅರ್ಧಕ್ಕೆ ಇಳಿಸಿದ್ದು. ಬಾಯಿಗಿಟ್ಟರೆ ಮೊದಲು ಹುಳಿ, ಆಮೇಲೆ ಹಿಟ್ಟು. ಸ್ಟ್ರಾಬೆರಿ ಇದೆ ಎಂದು ನಂಬಲು ಕಪ್ಪಿನ ಮೇಲಿನ ಚಿತ್ರ ನೋಡಬೇಕು.

"ಇದನ್ನ ಮಾಡಿದವರಿಗೆ ನಾಲಿಗೆ ಅನ್ನೋದು ಇದೆಯೋ ಇಲ್ಲವೋ," ಅಂದೆ.

"ಇದೆ," ಅಂದ ಅವನು. "ನಿಮ್ಮಷ್ಟು ಉದ್ದ ಇಲ್ಲ, ಅಷ್ಟೇ."

ತಿರುಗಿ ನೋಡಿದೆ. ಕೊರಳಲ್ಲಿ ಹೊಸ ಗುರುತಿನ ಚೀಟಿ, ಅದರಲ್ಲಿ 'ಪೌಷ್ಟಿಕಾಂಶ ವಿಭಾಗ' ಎಂದು ಇತ್ತು. ಮುಖದಲ್ಲಿ ನಗುವಿಲ್ಲ, ಆದರೆ ಕಣ್ಣಿನ ಅಂಚಿನಲ್ಲಿ ಏನೋ ತಡೆದು ನಿಲ್ಲಿಸಿಕೊಂಡ ಹಾಗಿತ್ತು. ನನ್ನ ಕಿವಿ ಬಿಸಿಯಾಯಿತು. ಕ್ಷಮೆ ಕೇಳುವ ಬದಲು ನಾನು ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳಿದೆ. ಅದು ನನ್ನ ಕೈಯಲ್ಲೇ ಇತ್ತು. ಅವನು ಅದನ್ನೂ ಹೇಳಲಿಲ್ಲ, ನನ್ನ ಕೈಯನ್ನು ಒಮ್ಮೆ ನೋಡಿ ಮುಂದೆ ಹೋದ.

ನಾನು ಈ ಡೈರಿಯಲ್ಲಿ ರುಚಿ ನೋಡುವವಳು. ತಿನ್ನುವುದಕ್ಕೂ ಸಂಬಳವೇ ಎಂದು ಕೇಳಿದವರೆಲ್ಲ ನಗುತ್ತಾರೆ. ನಗಲಿ. ಹಾಲು, ಬೆಣ್ಣೆ, ಐಸ್‌ಕ್ರೀಮ್, ಯೋಗರ್ಟ್, ಯಾವುದೇ ಇರಲಿ, ಹೊರಗೆ ಹೋಗುವ ಮೊದಲು ನಮ್ಮ ಬಾಯಿ ದಾಟಿಯೇ ಹೋಗಬೇಕು. ನಾವು ಆರು ಜನ. ನನ್ನನ್ನು ಎಲ್ಲರೂ ಮೀಟರ್ ಎಂದು ಕರೆಯುತ್ತಾರೆ, ಏಕೆಂದರೆ ಸಕ್ಕರೆ ಒಂದು ಚಿಟಿಕೆ ಹೆಚ್ಚುಕಮ್ಮಿಯಾದರೂ ನನ್ನ ನಾಲಿಗೆಗೆ ಗೊತ್ತಾಗುತ್ತದೆ. ಈ ಹೆಸರಿನ ಬಗ್ಗೆ ನನಗೆ ಹೆಮ್ಮೆ ಇದೆ. ಜಂಬ ಎಂದರೂ ನಡೆಯುತ್ತದೆ.

ರುಚಿ ಕೋಣೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗೂಡು. ಅಕ್ಕಪಕ್ಕದವರ ಮುಖ ಕಾಣದಂತೆ ಹಲಗೆ, ತಲೆಯ ಮೇಲೆ ಕೆಂಪು ದೀಪ. ಬಣ್ಣ ನೋಡಿ ಮೋಸ ಹೋಗಬಾರದು ಎಂದು ಆ ಬೆಳಕು. ಎದುರಿನ ಗೋಡೆಯಲ್ಲಿ ಒಂದು ಪುಟ್ಟ ಕಿಟಕಿ. ಆ ಬದಿಯ ಅಡುಗೆಮನೆಯಿಂದ ಯಾರೋ ಎರಡು ಸಲ ತಟ್ಟಿ, ಅದನ್ನು ಮೇಲೆತ್ತಿ, ಟ್ರೇ ಒಳಗೆ ತಳ್ಳುತ್ತಾರೆ. ಟ್ರೇಯಲ್ಲಿ ಅಂಕಿ ಬರೆದ ಕಪ್ಪು, ಚಮಚ, ಬೆಚ್ಚಗಿನ ನೀರು, ಉಪ್ಪಿಲ್ಲದ ಬಿಸ್ಕೆಟ್. ಕೊಡುವವರು ಮಾತಾಡಬಾರದು, ತಿನ್ನುವವರೂ ಮಾತಾಡಬಾರದು. ಎದುರಿನ ಪರದೆಯ ಮೇಲೆ ಒಂದು ಗೆರೆ ಇರುತ್ತದೆ, ಎಡತುದಿಗೆ ಸಪ್ಪೆ, ಬಲತುದಿಗೆ ಸಿಹಿ. ಬೆರಳಿಟ್ಟು ಎಲ್ಲಿ ಎಂದು ತೋರಿಸಿದರೆ ನಮ್ಮ ಕೆಲಸ ಮುಗಿಯಿತು.

ಕ್ಯಾಂಟೀನಿನಲ್ಲಿ ಮರುದಿನ ಅವನು ನನ್ನ ಎದುರಿನ ಕುರ್ಚಿಗೇ ಬಂದು ಕುಳಿತ. ಜಗಳಕ್ಕೆ ಬಂದಿರಬೇಕು ಎಂದುಕೊಂಡು ನಾನು ಸಜ್ಜಾದೆ. ಅವನು ಅಂಗಡಿಯಲ್ಲಿ ಸಿಗುವ ನಮ್ಮ ಹಳೆಯ ಸ್ಟ್ರಾಬೆರಿ ಕಪ್ಪನ್ನು ಮೇಜಿನ ಮೇಲಿಟ್ಟು ನಿಧಾನವಾಗಿ ತಿರುಗಿಸಿದ. ಮುಂದೆ 'ಕೊಬ್ಬು ಸೊನ್ನೆ' ಎಂದು ಹೆಬ್ಬೆರಳಿನಷ್ಟು ದಪ್ಪ ಅಕ್ಷರ. ಹಿಂದೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಸಕ್ಕರೆ.

ಅವನು ಹೇಳಿದ್ದು ಇಷ್ಟು. ಹಾಲಿನಿಂದ ಕೆನೆ ತೆಗೆದರೆ ಪ್ರೋಟೀನ್ ಹೋಗುವುದಿಲ್ಲ, ಕ್ಯಾಲ್ಸಿಯಂ ಹೋಗುವುದಿಲ್ಲ. ಆದರೆ ಕೆನೆಯ ಜೊತೆ ಕೆಲವು ವಿಟಮಿನ್‌ಗಳು ಗಂಟುಮೂಟೆ ಕಟ್ಟಿಕೊಂಡು ಹೊರಡುತ್ತವೆ, ಅವನ್ನು ಮತ್ತೆ ಕರೆತಂದು ಸೇರಿಸಬೇಕು. ರುಚಿಯೂ ಹೋಗುತ್ತದೆ, ಬಾಯಿ ತುಂಬಿದ ಭಾವವೂ ಹೋಗುತ್ತದೆ. ಆ ಖಾಲಿ ಜಾಗಕ್ಕೆ ಎಲ್ಲರೂ ಸಕ್ಕರೆ ಸುರಿಯುತ್ತಾರೆ. ತಿನ್ನುವವರು ಮುಂದಿನ ಸೊನ್ನೆ ನೋಡಿ ಪಥ್ಯ ಮಾಡುತ್ತಿದ್ದೇವೆ ಎಂದು ಖುಷಿಪಡುತ್ತಾರೆ.

ನನಗೆ ತಟ್ಟನೆ ಅಕ್ಕ ನೆನಪಾದಳು. ನಾನು ಇರುವುದು ಅಕ್ಕ ಭಾವನ ಜೊತೆ. ಶುಗರ್ ಗಡಿಯಲ್ಲಿದೆ, ಹುಷಾರು ಎಂದು ಡಾಕ್ಟರ್ ಹೇಳಿದ ದಿನದಿಂದ ಅಕ್ಕ ಸಿಹಿತಿಂಡಿ ಬಿಟ್ಟು, ಊಟವಾದ ಮೇಲೆ ಈ ಕಪ್ಪುಗಳನ್ನು ಎರಡೆರಡು ಖಾಲಿ ಮಾಡುತ್ತಿದ್ದಳು. ಅದನ್ನು ಹೇಳಿದೆ. ಅವನು ನಗುತ್ತಾನೆ ಅಂದುಕೊಂಡಿದ್ದೆ, ನಗಲಿಲ್ಲ. ಸಪ್ಪೆ ಮೊಸರಿಗೆ ಹಣ್ಣು ಹೆಚ್ಚಿ ಹಾಕಿಕೊಳ್ಳಲು ಹೇಳಿ ಎಂದ. ಇಂಥ ಅಕ್ಕಂದಿರಿಗಾಗಿಯೇ ತಾನು ಈ ಅರ್ಧ ಸಕ್ಕರೆಯ ಕಪ್ಪಿನ ಬೆನ್ನು ಹತ್ತಿರುವುದು ಎಂದೂ ಸೇರಿಸಿದ. ಆ ಮಾತಿನಲ್ಲಿ ಒಣ ಜಂಬ ಇರಲಿಲ್ಲ. ನಾನು ಗೋಡೆ ಬಣ್ಣ ಎಂದಿದ್ದಕ್ಕೆ ಆಗ ಕ್ಷಮೆ ಕೇಳಿದೆ.

"ಕ್ಷಮೆ ಬೇಡ," ಅಂದ. "ರುಚಿ ನೋಡೋದು ಹೇಗೆ ಅಂತ ಹೇಳಿಕೊಡಿ. ನಾನು ಬರೀ ಲೆಕ್ಕ ಗೊತ್ತಿರೋನು."

ಹೇಳಿಕೊಟ್ಟೆ. ಕಣ್ಣು ಮುಚ್ಚಿ, ಒಂದು ಚಮಚ ಬಾಯಿಗಿಟ್ಟು ನಾಲಿಗೆಯಿಂದ ಅಂಗುಳಕ್ಕೆ ಒತ್ತಿ, ನುಂಗುವ ಮೊದಲು ಮೂಗಿನಿಂದ ಮೆಲ್ಲಗೆ ಉಸಿರು ಬಿಡಿ ಎಂದೆ. ಅವನು ವಿಧೇಯನಾಗಿ ಕಣ್ಣು ಮುಚ್ಚಿದ. ರೆಪ್ಪೆಗಳು ಉದ್ದವಾಗಿದ್ದವು, ಒಂದು ಹುಬ್ಬಿನ ನಡುವೆ ಹಳೆಯ ಗಾಯದ ಸಣ್ಣ ಗೆರೆ ಇತ್ತು. ಇಷ್ಟನ್ನು ನೋಡಿ ಮುಗಿಸುವಷ್ಟರಲ್ಲಿ ಅವನು ಕಣ್ಣು ತೆರೆದ. ನಾನು ತೆರೆಯಿರಿ ಎಂದು ಹೇಳಿರಲಿಲ್ಲ. ಸಿಕ್ಕಿಬಿದ್ದೆ.

ಇಬ್ಬರೂ ಕಪ್ಪಿನ ಹಿಂದಿನ ಸಣ್ಣ ಅಕ್ಷರಗಳನ್ನು ಬಹಳ ಶ್ರದ್ಧೆಯಿಂದ ಓದತೊಡಗಿದೆವು.

ಅಲ್ಲಿಂದ ಮುಂದೆ ಮಧ್ಯಾಹ್ನದ ಊಟಕ್ಕೆ ಆ ಮೇಜು ನಮ್ಮದಾಯಿತು. ಯಾವ ವಿಟಮಿನ್ ಎಲ್ಲಿ ಓಡಿಹೋಯಿತು ಎಂದು ಅವನು ಮನೆಯ ಹುಡುಗಿ ಓಡಿಹೋದಷ್ಟು ಕಳವಳದಿಂದ ಹೇಳುತ್ತಿದ್ದ. ನಾನು ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದೆ. ನನ್ನನ್ನು ಬಲ್ಲವರಿಗೆ ಗೊತ್ತು, ಯಾರ ಮಾತನ್ನೂ ಪೂರ್ತಿ ಕೇಳುವ ಜಾಯಮಾನ ನನ್ನದಲ್ಲ.

ಇಷ್ಟರಲ್ಲಿ ರುಚಿ ಕೋಣೆಗೆ ಟ್ರೇ ಕೊಡುತ್ತಿದ್ದಾಕೆ ಹೆರಿಗೆ ರಜೆಗೆ ಹೋದಳು. ಬದಲಿ ಯಾರೂ ಸಿಗಲಿಲ್ಲ. ನಮ್ಮ ವಿಭಾಗದ ಮುಖ್ಯಸ್ಥೆ, ಎಲ್ಲರ ಬಾಯಲ್ಲೂ ಬರೀ ಮೇಡಂ, ಬೇರೆ ಘಟಕಗಳ ತಪಾಸಣೆಗೆಂದು ಪ್ರವಾಸ ಹೋಗಿದ್ದರು. ಕಪ್ಪು ತಯಾರಿಸಿದವರೇ ಕಪ್ಪು ಕೊಡಬಾರದು ಎಂಬ ನಿಯಮ ನಮ್ಮಲ್ಲಿದೆ. ಕೆಲಸ ನಿಲ್ಲಬಾರದಲ್ಲ ಎಂದು ಎಲ್ಲರೂ ಕಂಡೂ ಕಾಣದಂತೆ ಇದ್ದುಬಿಟ್ಟರು. ಕಿಟಕಿಯ ಆಚೆಗೆ ಅವನೇ ಬಂದು ನಿಂತ.

ಕಾಣುತ್ತಿದ್ದದ್ದು ಒಂದು ಅಂಗೈ, ಮಡಚಿದ ಬಿಳಿ ತೋಳು, ಅಷ್ಟೇ. ಮೊದಲ ದಿನ ಎಲ್ಲರಿಗೂ ಇಡುವ ಹಾಗೆ ಚಮಚವನ್ನು ಬಲಕ್ಕೆ ಇಟ್ಟಿದ್ದ. ನಾನು ಎಡಗೈಯವಳು. ವರ್ಷಗಟ್ಟಲೆ ಚಮಚವನ್ನು ಬಲದಿಂದ ಎತ್ತಿ ಎಡಕ್ಕೆ ತಂದುಕೊಂಡೇ ಬಂದಿದ್ದೇನೆ, ಅದು ಯಾರ ಗಮನಕ್ಕೂ ಬಂದಿರಲಿಲ್ಲ, ನನಗೂ ಅದೊಂದು ಕಷ್ಟ ಅನ್ನಿಸಿರಲಿಲ್ಲ. ಎರಡನೆಯ ದಿನ ಟ್ರೇ ಬಂದಾಗ ಚಮಚ ಎಡಕ್ಕೆ ಇತ್ತು, ಹಿಡಿಕೆ ನನ್ನ ಕಡೆಗೆ ತಿರುಗಿತ್ತು.

ಆ ಕೆಂಪು ಬೆಳಕಿನಲ್ಲಿ ನಾನು ಚಮಚವನ್ನೇ ನೋಡುತ್ತಾ ಕುಳಿತೆ. ಕಿಟಕಿ ಮುಚ್ಚಲು ಅವನೂ ತಡ ಮಾಡಿದ. ಮಾತಾಡುವ ಹಾಗಿರಲಿಲ್ಲ.

ಮನೆಯಲ್ಲಿ ಅಕ್ಕನಿಗೆ ಸುಳಿವು ಹತ್ತುವುದು ತಡವಾಗಲಿಲ್ಲ. ಸಪ್ಪೆ ಮೊಸರಿಗೆ ಹಣ್ಣು ಹಾಕಿಕೋ ಎಂದು ನಾನು ದಿನವೂ ಪಾಠ ಹೇಳಿದರೆ ಅವಳಿಗೆ ಪಾಠಕ್ಕಿಂತ ಮೇಷ್ಟ್ರ ಮೇಲೆ ಕುತೂಹಲ. ಅವನಿಗೆ ಕಿಟಕಿ ಎಂದು ಹೆಸರಿಟ್ಟಳು. ಇವತ್ತು ನಿನ್ನ ಕಿಟಕಿ ತೆರೆದಿತ್ತಾ ಎಂದು ಭಾವನ ಎದುರೇ ಕೇಳುವಳು. ನಾನು ಗಂಟಲಿಗೆ ಸಿಕ್ಕಿದ ಅನ್ನಕ್ಕೆ ನೀರು ಕುಡಿಯುವೆ.

ಆ ವಾರಗಳಲ್ಲಿ ಅವನ ಕಪ್ಪು ಒಂದಕ್ಕಿಂತ ಒಂದು ಚೆನ್ನಾಗುತ್ತಾ ಬಂದಿತು. ಹುಳಿ ತಗ್ಗಿತು, ಸ್ಟ್ರಾಬೆರಿ ಮುಂದೆ ಬಂತು, ಸಿಹಿ ಹದವಾಗಿ ಕೊನೆಯವರೆಗೂ ಉಳಿಯುತ್ತಿತ್ತು. ಗೆರೆಯ ಮೇಲೆ ನನ್ನ ಬೆರಳು ಬಲಕ್ಕೆ, ಇನ್ನೂ ಬಲಕ್ಕೆ ಸರಿಯಿತು. ಅರ್ಧ ಸಕ್ಕರೆಯಲ್ಲಿ ಇಷ್ಟು ಸಾಧಿಸಿದನಲ್ಲ ಎಂದು ನನಗೆ ಒಳಗೊಳಗೇ ಹಿಗ್ಗು.

ಮೇಡಂ ಪ್ರವಾಸ ಮುಗಿಸಿ ಬಂದರು. ಬಂದ ದಿನವೇ ನನ್ನನ್ನು ಕರೆಸಿ, ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಆರು ಜನರ ಗೆರೆಗಳು. ಐವರ ಚುಕ್ಕಿಗಳು ಎಡತುದಿಯಲ್ಲಿ ಒಟ್ಟಿಗೆ ಗುಂಪು ಕೂಡಿದ್ದವು, ಹುಳಿ, ಸಪ್ಪೆ, ಹಿಟ್ಟು. ಒಂದೇ ಒಂದು ಚುಕ್ಕಿ ಬಲಗಡೆಯಲ್ಲಿ ಒಂಟಿಯಾಗಿ ಹಾಯಾಗಿ ಕೂತಿತ್ತು. ಅದು ನನ್ನದು.

ಮೇಡಂ ಗದರಲಿಲ್ಲ. ಅವರು ಗದರದಿದ್ದರೆ ವಿಷಯ ಗಂಭೀರ ಎಂದು ಅರ್ಥ. ಹೋದ ತಿಂಗಳು ನಿನಗೆ ನೆಗಡಿ ಜ್ವರ ಬಂದಿತ್ತಲ್ಲ, ಆಮೇಲೆ ಬಾಯಿ ಸರಿಹೋಯಿತಾ ಎಂದು ಕೇಳಿದರು. ನಾಳೆ ಬೆಳಿಗ್ಗೆ ನಾಲಿಗೆ ಪರೀಕ್ಷೆ ಇಟ್ಟುಕೊಳ್ಳೋಣ ಎಂದರು. ಸರಿ ಬಾರದಿದ್ದರೆ ಏನಾಗುತ್ತದೆ ಎಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ನನಗಿಂತ ಮೊದಲು ಆ ಗೂಡಿನಲ್ಲಿ ಕೂರುತ್ತಿದ್ದಾಕೆ ಒಂದು ಕಾಯಿಲೆಯ ನಂತರ ರುಚಿ ಕಳೆದುಕೊಂಡಳು. ಈಗ ಪ್ಯಾಕಿಂಗ್‌ನಲ್ಲಿ ಡಬ್ಬಿಗೆ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ನೋಡುತ್ತಾಳೆ. ಸಂಬಳ ಹೆಚ್ಚು ಕಡಿಮೆ ಅಷ್ಟೇ. ಆದರೆ ಊಟದ ಹೊತ್ತಿನಲ್ಲಿ ಅವಳು ತುತ್ತು ಬಾಯಿಗಿಡುವಾಗ ನಾನು ಬೇರೆ ಕಡೆ ನೋಡುತ್ತಿದ್ದೆ.

ನನಗೆ ಬೇರೆ ಏನು ಗೊತ್ತಿದೆ? ಓದಿನಲ್ಲಿ ಸಾಮಾನ್ಯಳು, ಹಾಡು ಬರುವುದಿಲ್ಲ, ಹೊಲಿಗೆ ಬರುವುದಿಲ್ಲ. ನನ್ನದು ಎಂದು ಎದೆಯುಬ್ಬಿಸಿ ಹೇಳಿಕೊಳ್ಳಲು ಇದ್ದದ್ದು ಬಾಯೊಳಗಿನ ಈ ಒಂದು ತುಂಡು. ಅದೂ ಕೈಕೊಟ್ಟರೆ ಮೀಟರ್ ಎಂದು ಯಾರು ಕರೆಯುತ್ತಾರೆ?

ಸಂಜೆ ಮನೆಗೆ ಬಂದವಳು ಸೀದಾ ಅಡುಗೆಮನೆಗೆ ನುಗ್ಗಿದೆ. ಸಕ್ಕರೆ ನೆಕ್ಕಿದೆ, ಉಪ್ಪು ನೆಕ್ಕಿದೆ, ನಿಂಬೆಹಣ್ಣು ಕೊಯ್ದು ಚೀಪಿದೆ. ಸಿಹಿ ಸಿಹಿಯಾಗಿಯೇ ಇತ್ತು, ಹುಳಿ ಹುಳಿಯಾಗಿಯೇ ಇತ್ತು. ಆದರೆ ಭಯ ಹಿಡಿದವಳಿಗೆ ತನ್ನ ನಾಲಿಗೆಯ ಸಾಕ್ಷಿಯನ್ನು ತಾನೇ ನಂಬಲಾಗಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತು, ಇದೇನೇ, ಇರುವೆ ಥರ ಡಬ್ಬಿ ಡಬ್ಬಿಗೂ ಬಾಯಿ ಹಾಕ್ತಿದ್ದೀಯ ಎಂದಳು. ನಾನು ಅಳಲು ಶುರುಮಾಡಿದೆ. ಅಕ್ಕ ನನ್ನ ಕೈಯಿಂದ ನಿಂಬೆಯನ್ನು ತೆಗೆದಿಟ್ಟು, ಸೆರಗಿನಲ್ಲಿ ಮುಖ ಒರೆಸಿದಳು. ಏನೇ ಆದರೂ ನಾವಿದ್ದೇವಲ್ಲ ಎಂದಳು. ಅವಳ ಆ ಮಾತಿಗೆ ಅಳು ಇನ್ನೂ ಜೋರಾಯಿತು.

ಮರುದಿನ ಬೇಗ ಹೋದೆ. ಅವನು ಗೇಟಿನ ಪಕ್ಕದ ಬೆಂಚಿನ ಹತ್ತಿರ ನಿಂತಿದ್ದ, ನನಗಾಗಿಯೇ ಕಾದಿದ್ದ. ಮುಖ ಬಿಗಿದಿತ್ತು. ಮೇಡಂ ಅವನಿಗೂ ಆ ಚುಕ್ಕಿಗಳನ್ನು ತೋರಿಸಿದ್ದರಂತೆ. ಈ ಕಪ್ಪು ಹೀಗೇ ಹೊರಗೆ ಹೋಗುವ ಹಾಗಿಲ್ಲ, ಮೊದಲಿನಿಂದ ಮಾಡು ಎಂದಿದ್ದರಂತೆ. ಅದಕ್ಕೆ ಅವನಿಗೆ ಬೇಸರವಿರಲಿಲ್ಲ.

"ಐದು ಜನ ಬೈದಿದ್ದಾರೆ, ಸರಿ. ನೀವು ಮಾತ್ರ ಚೆನ್ನಾಗಿದೆ ಅಂದಿದ್ದೀರಿ," ಅಂದ. "ಮೊದಲ ದಿನ ಗೋಡೆ ಬಣ್ಣ ಅಂದವರು ನೀವು. ಅದಕ್ಕೇ ನಿಮ್ಮ ಮಾತು ನಂಬಿದೆ. ನನ್ನ ಮೇಲೆ ಕನಿಕರ ಬಂದು ಹಾಗೆ ಹಾಕಿದ್ರಾ?"

ಕನಿಕರ. ಆ ಪದ ಕೇಳಿ ನನಗೆ ರೇಗಿಹೋಯಿತು. ನಾನು ಸುಳ್ಳು ಹೇಳುವುದಿದ್ದರೆ ಬಾಯಲ್ಲಿ ಹೇಳುತ್ತೇನೆ, ಬೆರಳಲ್ಲಿ ಹೇಳುವುದಿಲ್ಲ ಎಂದೆ. ಆ ಗೂಡಿನಲ್ಲಿ ಕುಳಿತು ಇವತ್ತಿನವರೆಗೆ ಯಾರ ಮುಖ ನೋಡಿಯೂ ಗೆರೆ ಎಳೆದಿಲ್ಲ ಎಂದೆ.

"ನನಗೆ ನಿಜವಾಗ್ಲೂ ಸಿಹಿ ಅನ್ನಿಸ್ತು," ಅಂದೆ. "ಬಹುಶಃ ನನ್ನ ನಾಲಿಗೆ ಹೋಗಿದೆ. ಇವತ್ತು ಪರೀಕ್ಷೆ."

ಅವನ ಬಿಗಿದ ಮುಖ ಸಡಿಲವಾಯಿತು. ಕೋಪ ಎಲ್ಲಿ ಹೋಯಿತೋ, ಬಣ್ಣವೂ ಅದರ ಜೊತೆಯಲ್ಲೇ ಹೋಯಿತು.

"ನೀವು ಸುಳ್ಳು ಹೇಳಿದ್ರೇ ಚೆನ್ನಾಗಿತ್ತು," ಅಂದ. "ಸುಳ್ಳು ಅಂತಾನೇ ಹೇಳಿಬಿಡಿ. ನನಗೇನೂ ಬೇಜಾರಿಲ್ಲ."

ಅವನ ಇಷ್ಟು ದಿನದ ಕೆಲಸ ನೀರಿನಲ್ಲಿ ಹೋಮವಾಗಿತ್ತು. ಆದರೂ ಅವನು ಬೇಡಿಕೊಳ್ಳುತ್ತಿದ್ದದ್ದು ನನ್ನ ನಾಲಿಗೆಗಾಗಿ. ಅದನ್ನು ಅರ್ಥ ಮಾಡಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು.

ಗೂಡಿನಲ್ಲಿ ಕುಳಿತೆ. ಮೊದಲು ನೀರು ಬಂತು, ಸಣ್ಣ ಸಣ್ಣ ಲೋಟಗಳಲ್ಲಿ. ಕೆಲವುಗಳಲ್ಲಿ ಸಕ್ಕರೆಯ ಸುಳಿವು, ಕೆಲವುಗಳಲ್ಲಿ ಏನೂ ಇಲ್ಲ. ಕಡಿಮೆಯಿಂದ ಹೆಚ್ಚಿಗೆ ಜೋಡಿಸಬೇಕು. ಕಣ್ಣು ಮುಚ್ಚಿದೆ. ಒಂದೊಂದಾಗಿ ನಾಲಿಗೆಯ ಮೇಲೆ ಹೊರಳಿಸಿ ಜೋಡಿಸಿದೆ. ಕಿಟಕಿಯ ಆಚೆಯಿಂದ ಮೇಡಂ ಒಂದು ಹೂಂ ಅಂದರು. ನಿಯಮ ಮುರಿದು ಅವರು ಹೂಂ ಅಂದದ್ದು ನಾನು ಕೇಳಿದ್ದು ಅದೇ ಮೊದಲು.

ಆಮೇಲೆ ಸ್ಟ್ರಾಬೆರಿ ಕಪ್ಪು ಬಂತು. ಒಂದು ಚಮಚ ಬಾಯಿಗಿಟ್ಟೆ.

ಹುಳಿ. ಮುಖ ಕಿವುಚುವಂಥ ಹುಳಿ, ಹಿಂದಿನಿಂದ ಹಿಟ್ಟು. ನನಗೆ ಕುಣಿಯುವ ಹಾಗಾಯಿತು. ಕೆಟ್ಟ ಯೋಗರ್ಟ್ ತಿಂದು ಇಷ್ಟು ಸಂತೋಷಪಟ್ಟವರು ಲೋಕದಲ್ಲಿ ಇನ್ನೊಬ್ಬರು ಇರಲಾರರು. ಬೆರಳನ್ನು ಎಡತುದಿಗೆ ಒತ್ತಿದೆ, ಪರದೆ ತೂತಾಗುವ ಹಾಗೆ. ಮತ್ತೊಂದು ಟ್ರೇ ಬಂತು, ಬೇರೆ ಯಾರೋ ತಟ್ಟಿದ್ದು. ಅದೂ ಹುಳಿ. ಮತ್ತೆ ಎಡಕ್ಕೆ ಒತ್ತಿದೆ. ಎದೆಯ ಮೇಲಿನ ಬಂಡೆ ಉರುಳಿಹೋಗಿ ಉಸಿರು ಸರಾಗವಾಗಿ ಆಡತೊಡಗಿತ್ತು. ಬಿಸ್ಕೆಟ್ ತಿಂದು, ನೀರು ಕುಡಿದು, ಇನ್ನೆಷ್ಟು ಬೇಕಾದರೂ ತನ್ನಿ ಎಂಬ ಠೀವಿಯಲ್ಲಿ ಕುಳಿತೆ.

ಮೂರನೆಯ ಸಲ ಎರಡು ಮೆಲ್ಲನೆಯ ತಟ್ಟು. ಟ್ರೇ ಬಂತು. ಚಮಚ ಎಡಕ್ಕಿತ್ತು.

ಇದು ಅವನ ಹೊಸ ಪ್ರಯೋಗವಿರಬೇಕು ಎಂದುಕೊಂಡೆ. ಬಾಯಿಗಿಟ್ಟೆ. ಎಷ್ಟು ಚೆನ್ನಾಗಿತ್ತು. ಹುಳಿ ಇತ್ತು, ಆದರೆ ತನ್ನ ಪಾಡಿಗೆ ಮೂಲೆಯಲ್ಲಿತ್ತು. ಹಣ್ಣು ಬಾಯಿ ತುಂಬಿತು, ಸಿಹಿ ಗಂಟಲಿನವರೆಗೂ ಹೋಯಿತು. ಬೆರಳನ್ನು ಬಲಕ್ಕೆ ಸರಿಸಿ, ಹಿಂದಿನ ಎರಡಕ್ಕಿಂತ ಇದು ಎಷ್ಟೋ ಮೇಲು ಎಂದು ಕೆಳಗೆ ಬರೆದೂ ಬಿಟ್ಟೆ.

ಕೆಂಪು ದೀಪ ಆರಿ, ಬಿಳಿ ದೀಪ ಹತ್ತಿತು. ಮೇಡಂ ಸುತ್ತು ಹಾಕಿಕೊಂಡು ನನ್ನ ಕಡೆಯ ಬಾಗಿಲಿಗೆ ಬಂದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಮೂರೂ ಒಂದೇ ಡಬ್ಬದಿಂದ ತೆಗೆದದ್ದು," ಅಂದರು. "ಮೊದಲನೇದು ನಾನು ಕೊಟ್ಟೆ. ಎರಡನೇದು ಸೆಕ್ಯುರಿಟಿಯವರ ಕೈಲಿ ಕೊಡಿಸಿದೆ. ಮೂರನೇದನ್ನ ನೀನೇ ಕೊಡು ಅಂತ ಅವನಿಗೆ ಹೇಳಿದೆ, ಯಾಕೆ ಅಂತ ಹೇಳಲಿಲ್ಲ."

ನಾನು ಪರದೆಯ ಮೇಲಿನ ನನ್ನ ಚುಕ್ಕಿಗಳನ್ನು ನೋಡಿದೆ. ಎರಡು ಎಡತುದಿಯಲ್ಲಿ, ಒಂದು ಬಲತುದಿಯಲ್ಲಿ.

"ನಾಲಿಗೆ ಚೆನ್ನಾಗೇ ಇದೆ ಕಣಮ್ಮ. ಅದರ ಚಿಂತೆ ಬಿಡು," ಅಂದರು ಮೇಡಂ. "ಉಳಿದದ್ದಕ್ಕೆ ನಮ್ಮಲ್ಲಿ ಪರೀಕ್ಷೆ ಇಲ್ಲ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅದರ ಜೊತೆಗೇ ನಗುವೂ ಬರುತ್ತಿತ್ತು. ನಾಲಿಗೆ ಉಳಿಯಿತು ಎಂಬ ಸಮಾಧಾನ ಎಷ್ಟು ದೊಡ್ಡದಾಗಿತ್ತೆಂದರೆ ನಾಚಿಕೆಗೆ ಒಳಗೆ ಜಾಗ ಸಾಲುತ್ತಿರಲಿಲ್ಲ. ನನ್ನ ಮನಸ್ಸಿನ ಮಾತು ನನಗಿಂತ ಮೊದಲು ಆರು ಜನರ ಗೆರೆಗಳ ನಡುವೆ ಹೋಗಿ ಕೂತಿತ್ತು. ನಾನು ಅವನನ್ನು ಪ್ರೀತಿಸುತ್ತಿದ್ದೆ. ಗೋಡೆ ಬಣ್ಣ ಕೊಟ್ಟರೂ ಸಿಹಿ ಎಂದು ಚಪ್ಪರಿಸುವಷ್ಟು.

ಮೇಡಂ ಹೊರಡುವ ಮೊದಲು ಒಂದು ಮಾತು ಹೇಳಿದರು. ನಮ್ಮವರು ತಯಾರಿಸಿದ್ದನ್ನು ನಾವು ರುಚಿ ನೋಡುವ ಹಾಗಿಲ್ಲ. ಗಂಡ, ಹೆಂಡತಿ, ಸಂಬಂಧಿಕರು, ಮದುವೆಯಾಗುವವರು, ಯಾರೇ ಆಗಲಿ. ಏನೂ ಇಲ್ಲ ಎನ್ನುವುದಾದರೆ ನೀನು ಇಲ್ಲೇ ಕೂತುಕೋ, ಟ್ರೇ ಬೇರೆಯವರ ಕೈಯಲ್ಲಿ ಕೊಡಿಸುತ್ತೇನೆ, ನಿನ್ನ ಗೆರೆಗಳನ್ನು ನಂಬುತ್ತೇನೆ. ಇದೆ ಎನ್ನುವುದಾದರೆ ಅವನ ಕಪ್ಪುಗಳಿಂದ ನಿನ್ನ ಹೆಸರು ತೆಗೆಯಬೇಕಾಗುತ್ತದೆ. ಉಳಿದ ಹಾಲು, ಬೆಣ್ಣೆ, ಐಸ್‌ಕ್ರೀಮ್ ಎಲ್ಲ ನಿನ್ನದೇ. ಯೋಚನೆ ಮಾಡಿ ಹೇಳು ಎಂದರು.

ಯೋಚನೆ ಮಾಡಿದೆ. ಅವನ ಮನಸ್ಸಿನಲ್ಲಿ ಏನಿದೆಯೋ ನನಗೇನು ಗೊತ್ತು? ಚಮಚವನ್ನು ಎಡಕ್ಕೆ ಇಡುವುದು ಬರೀ ಒಳ್ಳೆಯತನವೂ ಇರಬಹುದು. ಹೆಸರು ತೆಗೆಸಿದ ಮೇಲೆ ಅವನು ಅಯ್ಯೋ ಹಾಗೇನಿಲ್ಲ ಎಂದುಬಿಟ್ಟರೆ ಈ ಡೈರಿಯಲ್ಲಿ ನಾನು ಮುಖ ಎತ್ತಿ ಓಡಾಡುವುದು ಹೇಗೆ? ಸುಮ್ಮನೆ ಏನೂ ಇಲ್ಲ ಎಂದುಬಿಡುವುದು ಸುಲಭವಾಗಿತ್ತು. ಆದರೆ ಆ ಗೂಡಿನಲ್ಲಿ ಕುಳಿತು ನಾನು ಇವತ್ತಿನವರೆಗೆ ಸುಳ್ಳು ಹೇಳಿಲ್ಲ ಎಂದು ಬೆಳಿಗ್ಗೆಯಷ್ಟೇ ಅವನ ಮುಂದೆ ಜಂಬ ಕೊಚ್ಚಿದ್ದೆ.

ಮಧ್ಯಾಹ್ನದ ಹೊತ್ತಿಗೆ ಮೇಡಂ ಕೋಣೆಗೆ ಹೋಗಿ ಹೆಸರು ತೆಗೆಯಿರಿ ಎಂದೆ. ಅವರು ಕಾರಣ ಕೇಳಿದರು. ಹೇಳಿದೆ. ಅವರು ತಲೆ ಎತ್ತದೆ, ಸರಿ ಎಂದರು. ಅವರ ತುಟಿ ಒಂದು ಬದಿಗೆ ಸ್ವಲ್ಪ ಸೊಟ್ಟಗಾದದ್ದನ್ನು ನೋಡಿದೆ.

ಸಂಜೆ ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನು ಗೇಟಿನ ಪಕ್ಕದ ಬೆಂಚಿನ ಮೇಲೆ ಕುಳಿತಿದ್ದೆ. ಅವನು ಲ್ಯಾಬಿನ ಬಿಳಿ ಕೋಟನ್ನೂ ಬಿಚ್ಚದೆ ದಾಪುಗಾಲು ಹಾಕುತ್ತಾ ಬಂದ. ಬಂದವನು ಒಂದೇ ಉಸಿರಿಗೆ ಶುರುಮಾಡಿದ. ನಾಲಿಗೆ ಸರಿಯಾಗಿದೆ ಎಂದು ಗೊತ್ತಾಯಿತಂತೆ. ಕೇಳಿದ ಕೂಡಲೇ ಕುರ್ಚಿಯಲ್ಲಿ ಕುಸಿದು ಕುಳಿತನಂತೆ, ಪಕ್ಕದವರು ನೀರು ತಂದುಕೊಟ್ಟರಂತೆ. ಕಪ್ಪಿನ ತಪ್ಪು ಎಲ್ಲಿದೆ ಎಂದೂ ಈಗ ಹೊಳೆದಿದೆಯಂತೆ. ಹಿಟ್ಟು ಹಾಕಿ ಗಟ್ಟಿ ಮಾಡುವ ಬದಲು ಬಸಿದು ಗಟ್ಟಿ ಮಾಡಬೇಕು, ಆಗ ಪ್ರೋಟೀನೂ ಹೆಚ್ಚುತ್ತದೆ, ಹುಳಿ ಏರುವ ಮೊದಲೇ ಹೆಪ್ಪನ್ನು ತಣಿಸಬೇಕು, ಹಣ್ಣು ಜಾಸ್ತಿ ಹಾಕಬೇಕು. ಎಲ್ಲ ಹೇಳಿ ಮುಗಿಸಿದ ಮೇಲೆ ದನಿ ತಗ್ಗಿತು.

"ಆದರೆ ನನ್ನ ಕಪ್ಪುಗಳಿಂದ ನಿಮ್ಮ ಹೆಸರು ತೆಗೆಸಿದ್ದೀರಂತೆ," ಅಂದ. "ಬೆಳಿಗ್ಗೆ ಕನಿಕರ ಅಂದೆನಲ್ಲ, ಅದಕ್ಕಾ? ಆ ಮಾತು ಆಡಬಾರದಿತ್ತು. ಬೇಕಾದ್ರೆ ಇನ್ನೊಂದು ಸಲ ಬೈದುಬಿಡಿ. ಹೀಗೆ ಬಿಟ್ಟು ಹೋಗಬೇಡಿ."

ಅವನು ನಿಜವಾಗಿಯೂ ಹೆದರಿದ್ದ. ಬೆವರಿದ ಹಣೆಯನ್ನು ಕೋಟಿನ ತೋಳಿನಿಂದ ಒರೆಸಿಕೊಂಡ. ಕಣ್ಣು ನನ್ನ ಮುಖದಿಂದ ಕದಲಲಿಲ್ಲ. ಆ ಹೆದರಿಕೆಯನ್ನು ನೋಡಿ ನನ್ನ ಹೆದರಿಕೆ ಮಾಯವಾಯಿತು.

"ಅದಕ್ಕಲ್ಲ," ಅಂದೆ. "ನಿಯಮ ಹಾಗಿದೆ. ನೀವು ಮಾಡಿದ್ದನ್ನ ನಿಮ್ಮ ಸಂಬಂಧಿಕರು ರುಚಿ ನೋಡೋ ಹಾಗಿಲ್ಲ."

"ನನ್ನ ಸಂಬಂಧಿಕರು ಯಾರೂ ಇಲ್ಲಿ ಕೆಲಸಕ್ಕಿಲ್ಲವಲ್ಲ."

ಲೆಕ್ಕ ಗೊತ್ತಿರುವವನು, ಮಾಡಿಕೊಳ್ಳಲಿ ಎಂದು ಬಿಟ್ಟೆ. ಹುಬ್ಬು ಗಂಟಿಕ್ಕಿತು, ಆಮೇಲೆ ಒಂದು ಬಿಡಿಸಿಕೊಂಡಿತು, ಆಮೇಲೆ ಇನ್ನೊಂದು. ಕಿವಿಯ ತುದಿಯಿಂದ ಕೆಂಪು ಹೊರಟು ಇಡೀ ಮುಖಕ್ಕೆ ಹರಡಿತು.

"ಮೇಡಂಗೆ ಹಾಗಂತ ಹೇಳಿದ್ರಾ?"

"ಹೂಂ."

"ಯಾವಾಗಿಂದ ಸಂಬಂಧಿಕರು ಅಂದ್ರಿ?"

"ಇವತ್ತಿಂದ ಅಂದೆ," ಅಂದೆ. "ನಿಮಗೆ ಒಪ್ಪಿಗೆ ಇಲ್ಲದಿದ್ರೆ ಈಗಲೇ ಹೇಳಿ. ಮೇಡಂ ಇನ್ನೂ ಹೋಗಿಲ್ಲ, ಹೆಸರು ವಾಪಸ್ ಬರೆಸ್ತೀನಿ."

ಅವನು ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕುಳಿತುಕೊಂಡ, ಕುಳಿತ ಅನ್ನುವುದಕ್ಕಿಂತ ಇಳಿದುಹೋದ. ಇಷ್ಟು ದಿನ ಹಿಡಿದಿಟ್ಟುಕೊಂಡಿದ್ದ ಉಸಿರು ಉದ್ದಕ್ಕೆ ಹೊರಗೆ ಬಂತು. ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡ. ಮತ್ತೆ ಕೈ ತೆಗೆದಾಗ ಕಣ್ಣು ಒದ್ದೆಯಾಗಿತ್ತು, ತಡೆದಿಟ್ಟಿದ್ದ ನಗು ಪೂರ್ತಿ ಹೊರಗೆ ಬಂದಿತ್ತು.

"ಬರೆಸಬೇಡಿ," ಅಂದ. ನನ್ನ ಎಡಗೈಯನ್ನು ಹುಡುಕಿ ಹಿಡಿದುಕೊಂಡ. ಕೈ ತಣ್ಣಗಿತ್ತು, ಹಿಡಿತ ಗಟ್ಟಿಯಾಗಿತ್ತು. ಗೇಟಿನ ಆಚೆ ಬಸ್ಸು ಬಂದು ನಿಂತು ಹೊರಟೂ ಹೋಯಿತು, ನಾವಿಬ್ಬರೂ ಏಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವನಿಗೆ ಮತ್ತೊಂದು ಚಿಂತೆ ಹತ್ತಿತು.

"ಹಾಗಾದ್ರೆ ಇನ್ನು ಮೇಲೆ ನಾನು ಮಾಡಿದ ಯೋಗರ್ಟ್ ನೀವು ತಿನ್ನೋ ಹಾಗೇ ಇಲ್ಲ."

"ಸದ್ಯ, ಬದುಕಿದೆ," ಅಂದೆ.